ಅಳಿಸಿದ ಸೊನ್ನೆಗಳು

ವಿದ್ಯುತ್ ಕಚೇರಿಯಲ್ಲಿ ಅವನನ್ನು ಎಲ್ಲರೂ ಗಾಳಿರಾಯ ಎಂದೇ ಕರೆಯುತ್ತಿದ್ದರು. ಗಾಳಿಯ ವೇಗದ ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸಿ, ಗಾಳಿಯಂತ್ರಗಳ ಕರೆಂಟು ಊರಿಗೆ ಎಷ್ಟು ಸಲ ಕೈಕೊಟ್ಟೀತು ಎಂದು ಹೇಳುವುದು ಅವನ ಕೆಲಸ. ಮದುವೆಯ ಗೋಜಿಗೆ ಹೋದವನಲ್ಲ. ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ಶ್ವಾಸಕೋಶ ಸೋತು, ಕರೆಂಟಿನಿಂದ ನಡೆಯುವ ಆಕ್ಸಿಜನ್ ಯಂತ್ರದ ಕೊಳವೆಯನ್ನು ಮೂಗಿಗಿಟ್ಟುಕೊಂಡೇ ಅವಳು ತಮ್ಮನ ಊಟ, ಅಂಗಿಯ ಗುಂಡಿ, ಮಾತು ಎಲ್ಲವನ್ನೂ ತಿದ್ದುತ್ತಿದ್ದಳು.

"ಕರೆಂಟು ಹೋದ್ರೆ ನನ್ನ ಗತಿ ಏನೋ? ಒಂದು ಆಕ್ಸಿಜನ್ ಸಿಲಿಂಡರ್ ತಂದಿಡೋ," ಎಂದಳು ಒಮ್ಮೆ.

"ಹೋಗಲ್ಲ ಅಂತ ಲೆಕ್ಕ ಹಾಕಿರೋನೇ ನಾನಲ್ವೇನಕ್ಕಾ? ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ ಕಣೋ. ಗಾಳಿ ಮೇಲಿಲ್ಲ."

ಇಬ್ಬರೂ ನಕ್ಕರು. ಸಿಲಿಂಡರ್ ಬರಲಿಲ್ಲ.

ಆ ಕಚೇರಿಯಲ್ಲೊಂದು ರೂಢಿಯಿತ್ತು. ಕಂಬದ ಮೇಲೆ ತಿರುಗುತ್ತ ಗಾಳಿ ಅಳೆಯುವ ಬಟ್ಟಲುಗಳು ದೂಳು ಕೂತು ಆಗಾಗ ಸಿಕ್ಕಿಕೊಳ್ಳುತ್ತಿದ್ದವು. ಆಗ ಬರೀ ಸೊನ್ನೆ ಬರುತ್ತಿತ್ತು. ಸೊನ್ನೆಗಳ ಸಾಲು ಕಂಡರೆ ಯಂತ್ರ ಕೆಟ್ಟಿದೆಯೆಂದು ಅಳಿಸಿ, ಅಲ್ಲಿ ಸರಾಸರಿ ವೇಗ ತುಂಬುವುದು. ಹಿರಿಯರು ಮಾಡಿದ್ದನ್ನು ಇವನೂ ಕಣ್ಣುಮುಚ್ಚಿಕೊಂಡು ಮಾಡಿದ. ಪಕ್ಕದ ಕಂಬ ಏನನ್ನುತ್ತದೆ ಎಂದು ನೋಡುವ ವ್ಯವಧಾನ ಯಾರಿಗಿತ್ತು! ಗಾಳಿ ನಿಜವಾಗಿಯೂ ಬಿದ್ದುಹೋಗಿದ್ದ ದಿನಗಳೂ ಹೀಗೆ ಮಾಯವಾದವು. ಇವನ ವರದಿ ನೆಚ್ಚಿ, ಗಾಳಿ ಬಿದ್ದಾಗ ಕರೆಂಟು ಕೊಡುತ್ತಿದ್ದ ಹಳೆಯ ಡೀಸೆಲ್ ಘಟಕಕ್ಕೆ ಬೀಗ ಹಾಕಿದರು. ಬೆನ್ನು ತಟ್ಟಿದಾಗ ಇವನು ಉಬ್ಬಿಹೋದ.

ಆ ಬೇಸಿಗೆಯಲ್ಲಿ ಒಂದು ಎಲೆಯೂ ಅಲ್ಲಾಡಲಿಲ್ಲ. ಒಂದು ಮಧ್ಯಾಹ್ನ ಎಲ್ಲ ಕಂಬಗಳಿಂದಲೂ ಸೊನ್ನೆ ಬಂತು. ಅಭ್ಯಾಸಬಲ, ಅಳಿಸತೊಡಗಿದ. ತಲೆಯ ಮೇಲಿನ ಫ್ಯಾನು ನಿಂತಾಗಲಷ್ಟೇ ಅವನ ಕೈ ನಿಂತಿತು. ಫೋನು ಮಾಡಿದ, ಅಕ್ಕ ಎತ್ತಲಿಲ್ಲ.

ಸಿಗ್ನಲ್ ಆರಿ ರಸ್ತೆಯ ತುಂಬ ವಾಹನಗಳು ಸಿಕ್ಕಿಕೊಂಡಿದ್ದವು. ಓಡಿದ. ಲಿಫ್ಟ್ ಸತ್ತಿತ್ತು, ಮೆಟ್ಟಿಲೇರಿದ. ಅಕ್ಕ ಮಂಚದಲ್ಲಿರಲಿಲ್ಲ. ಅದು ಹೇಗೆ ತೆವಳಿಕೊಂಡು ಹೋದಳೋ, ಕಿಟಕಿಯನ್ನು ಪೂರ್ತಿ ತೆರೆದು, ಸರಳಿಗೆ ಮುಖವಿಟ್ಟು ಒರಗಿದ್ದಳು. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಪಕ್ಕದಲ್ಲಿ ಪರದೆ ಅಲ್ಲಾಡದೆ ಜೋತುಬಿದ್ದಿತ್ತು. ಅವನು ಮಗುವಿನ ಹಾಗೆ ಅತ್ತ.

ಕೆಲಸಕ್ಕೆ ಮರಳಿದ ದಿನ ಮೇಲಧಿಕಾರಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ನಿಮ್ಮ ದುಃಖ ಅರ್ಥ ಆಗುತ್ತೆ. ಆದ್ರೆ ಮೇಲಿನವರು ಕೇಳ್ತಿದ್ದಾರೆ. ಆವತ್ತಿನ ಸೊನ್ನೆ ಯಂತ್ರದ ದೋಷ ಅಂತ ಅಳಿಸಿ, ಸರಾಸರಿ ಹಾಕಿಬಿಡಿ."

"ಅಳಿಸಲ್ಲ ಸಾರ್," ಎಂದ ಗಾಳಿರಾಯ. "ಯಂತ್ರ ಸರಿಯಾಗೇ ಇತ್ತು. ನಮ್ಮಕ್ಕ ಕಿಟಕಿ ತೆಗೆದು ನೋಡಿದ್ಲು."