ಬಸಪ್ಪನವರ ಸಂದರ್ಶನ

ಕೆಲವು ವರ್ಷಗಳ ಹಿಂದಿನ ಮಾತು. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಮಾನ್ಯತೆ ಮಂಡಳಿಯೊಂದರಲ್ಲಿ ನಾನು ಪರಿಶೀಲನಾಧಿಕಾರಿಯಾಗಿದ್ದೆ. ‘ಪ್ರೋಸೆಸ್ ಇಂಪ್ರೂವ್‌ಮೆಂಟ್’ ಕಲಿಸುವ ಕೇಂದ್ರಗಳನ್ನು ನೋಡಿ ವರದಿ ಕೊಡುವುದು ನನ್ನ ಕೆಲಸ. ದಿನದ ದುಡಿಮೆಯಲ್ಲಿ ವ್ಯರ್ಥವಾಗುವ ಸಮಯ, ಸಾಮಗ್ರಿ, ಶ್ರಮವನ್ನು ಗುರುತಿಸಿ ಕಡಿಮೆ ಮಾಡುವ ವಿದ್ಯೆ ಅದು. ಮಾನ್ಯತೆ ಬೇಕೆಂದರೆ ಲಿಖಿತ ಪಠ್ಯಕ್ರಮ ಮತ್ತು ಅರ್ಹ ತರಬೇತುದಾರರಿರಬೇಕು; ಪರೀಕ್ಷೆಯನ್ನು ಕಲಿಸಿದವರಲ್ಲದೆ ಬೇರೊಬ್ಬರು ನಡೆಸಬೇಕು. ಜೊತೆಗೆ ಅಭ್ಯರ್ಥಿಯೊಬ್ಬರನ್ನು ನಾವೇ ಸಂದರ್ಶಿಸುತ್ತೇವೆ. ಆಗ ತರಬೇತುದಾರರು ಒಳಗಿರುವಂತಿಲ್ಲ.

ರಬಕವಿಯ ಕೇಂದ್ರ ಮಹಾದೇವಿಯವರದು. ಬಹಳ ವರ್ಷ ಪವರ್‌ಲೂಮ್ ಮಗ್ಗ ನಡೆಸಿ, ಆಮೇಲೆ ಡಿಪ್ಲೊಮಾ ಮಾಡಿಕೊಂಡು, ಮಗ್ಗದ ಶೆಡ್ಡಿನ ಪಕ್ಕದ ಕೋಣೆಯಲ್ಲಿ ನೇಕಾರರಿಗೆ ಕಲಿಸುತ್ತಿದ್ದರು. ಮಾನ್ಯತೆ ಸಿಕ್ಕರೆ ಅಲ್ಲಿ ಕಲಿತವರು ಕೇಂದ್ರದ ಪ್ರಮಾಣಪತ್ರದ ಮೇಲೆ ದೊಡ್ಡ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್ ಆಗಬಹುದಿತ್ತು.

ಹಾಜರಿ ಪುಸ್ತಕದಿಂದ ನಾನು ಬಸಪ್ಪ ಎಂಬ ಹೆಸರನ್ನು ಆರಿಸಿದೆ. ಮಹಾದೇವಿಯವರ ಮುಖ ಸಣ್ಣದಾಯಿತು.

“ಅಕ್ಕಾರ, ಅವರಿಗೆ ಕಿವಿ ಕೇಳಸೂದಿಲ್ರಿ. ಮಗ್ಗದ ಸಪ್ಪಳದಾಗ ಹೋಗ್ಯಾವು. ನಾ ಬಾಜೂಕ ನಿಂತ್ರ ನನ್ನ ತುಟಿ ನೋಡಿ ತಿಳ್ಕೋತಾರ್ರಿ.”

“ನೀವು ಹೊರಗಿರಬೇಕ್ರಿ. ನಿಯಮ ಹಂಗೈತಿ,” ಎಂದೆ. ನಾನೂ ಆ ಕಡೆಯವಳೇ, ಮುಧೋಳದವಳು.

ಬಸಪ್ಪನವರಿಗೆ ಐವತ್ತರ ಆಸುಪಾಸು. ನಾನು ಬಾಯಲ್ಲೇ ಕೇಳಿದ ಮೂರು ಪ್ರಶ್ನೆಗಳಿಗೂ ಸುಮ್ಮನೆ ಮುಖ ನೋಡಿದರು. ನಮೂನೆಯಲ್ಲಿ ‘ಉತ್ತರಿಸಲಿಲ್ಲ’ ಎಂದು ಬರೆದೆ. ಎದುರಿನಿಂದಲೇ ಅದನ್ನು ಓದಿಕೊಂಡ ಅವರು ನನ್ನ ಪೆನ್ನು ತೆಗೆದುಕೊಂಡು ಕೆಳಗೆ ಬರೆದರು: ‘ಕೇಳಿಸಲಿಲ್ಲ. ಬರದು ಕೇಳ್ರಿ.’

ನನಗೆ ತಲೆ ಎತ್ತಲಾಗಲಿಲ್ಲ. ‘ನೀವು ಏನು ಸುಧಾರಿಸಿದಿರಿ?’ ಎಂದು ಬರೆದು ಹಾಳೆಯನ್ನು ಅವರ ಮುಂದೆ ಸರಿಸಿದೆ. ಅವರು ಅರ್ಧ ಪುಟ ಬರೆದರು. ಅಷ್ಟಕ್ಕೆ ಸಮಾಧಾನವಾಗದೆ ನನ್ನನ್ನು ಶೆಡ್ಡಿಗೆ ಕರೆದೊಯ್ದರು. ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಮೊದಲು ದೂರದ ಗೋಡೆಗಿತ್ತಂತೆ. ಆ ಹಳೆಯ ದಾರಿಯನ್ನು ನಡೆದು ತೋರಿಸಿದರು. ನಂತರ ಮಗ್ಗದ ಪಕ್ಕಕ್ಕೇ ತಂದಿಟ್ಟ ಬುಟ್ಟಿಗೆ ಕುಳಿತಲ್ಲಿಂದಲೇ ಕೈ ಚಾಚಿದರು.

“ಇಲ್ಲಿ ಹೆಣ್ಮಕ್ಳು ಸಂಜೀಕ ಕಾಲು ಹಿಡಕೊಂಡು ಕುಂದರತಿದ್ರು! ಈಗ ಕುಂದರೂದಿಲ್ಲ!” ಎಂದು ಮಗ್ಗದ ಸದ್ದನ್ನೂ ಮೀರಿ ಕೂಗಿದರು. ಮಗ್ಗಗಳ ಮುಂದಿದ್ದ ಹೆಂಗಸರು ನಕ್ಕರು; ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದರೂ ಮಾನ್ಯತೆ ಕೊಡಲಾಗಲಿಲ್ಲ. ಪರೀಕ್ಷೆಯನ್ನು ಮಹಾದೇವಿಯವರೇ ನಡೆಸುತ್ತಿದ್ದರು. ಅದನ್ನು ನಾನೇ ಅವರಿಗೆ ಹೇಳಿದೆ.

ಮಹಾದೇವಿಯವರು ಹಾಜರಿ ಪುಸ್ತಕವನ್ನು ಮುಚ್ಚಿಟ್ಟರು. “ನಾ ಫೇಲಾದ್ರ ಆಗ್ಲಿರಿ, ತಿದ್ದಿಕೋತೇನಿ. ಬಸಪ್ಪಣ್ಣ ಪಾಸಾದ್ರಲ್ರೀ?”

“ಆದ್ರವ್ವ,” ಎಂದೆ.

ಜಮಖಂಡಿಯ ಉಪನ್ಯಾಸಕರೊಬ್ಬರನ್ನು ಅವರು ಪರೀಕ್ಷಕರಾಗಿ ಒಪ್ಪಿಸಿದರು. ನನ್ನ ಎರಡನೇ ಭೇಟಿಯ ನಂತರ ಮಾನ್ಯತೆ ಸಿಕ್ಕಿತು. ಬಸಪ್ಪನವರು ಬನಹಟ್ಟಿಯಲ್ಲಿ ಸೂಪರ್‌ವೈಸರ್ ಆದರು.

ಉಳಿದ ಆ ಒಂದು ವರ್ಷ, ಪ್ರತಿ ಸಂದರ್ಶನದ ಮೊದಲು ಎದುರಿಗಿದ್ದವರಿಗೆ ಹೇಗೆ ಕೇಳಿದರೆ ಅನುಕೂಲ ಎಂದು ವಿಚಾರಿಸುತ್ತಿದ್ದೆ. ಅದಕ್ಕೂ ಮುಂಚೆ ಎಷ್ಟು ಜನರ ಹೆಸರಿನ ಮುಂದೆ ‘ಉತ್ತರಿಸಲಿಲ್ಲ’ ಎಂದು ಬರೆದು ಬಂದಿದ್ದೆನೋ, ನನಗೆ ಗೊತ್ತಿಲ್ಲ.