ಹಿಡಿಯೊಳಗಿನ ತುಕ್ಕು

ದುರ್ಗಿ ತುಳಸಿದಾಸರನ್ನು ಮೊದಲು ಕಂಡದ್ದು ೨೦೦೩ರ ದಸರೆ ಕಳೆದ ನಾಲ್ಕನೆಯ ದಿನ, ಕಾರವಾರದ ಕೋಡಿಬಾಗದಲ್ಲಿ, ಅವರ ಮನೆಯ ಜಗಲಿಯ ಮೇಲೆ. ಹಾರವಾಡದಿಂದ ಬಸ್ಸಿನಲ್ಲಿ ಬರುವಾಗ ಹಳೆಯ ಸೀರೆಯಲ್ಲಿ ಸುತ್ತಿದ ಜಪಾನಿ ಕತ್ತಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದಳು. ಕಂಡಕ್ಟರ್ ಏನೆಂದು ಕೇಳಿದ್ದಕ್ಕೆ ಒನಕೆ ಎಂದಿದ್ದಳು.

"ಇಷ್ಟು ಸಪೂರ ಒನಕೆ ಅದ್ಯಾ?"

"ಮನೇಲಿ ಅಕ್ಕೀನೂ ಕಮ್ಮಿ ಅದೆ."

ತುಳಸಿದಾಸರ ವಿಷಯ ಅವಳಿಗೆ ಹೇಳಿದವಳು ಮಗಳು ಪೂರ್ಣಿಮಾ. ಕಾರವಾರದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಅವಳು, ಹಳೆ ಲೋಹದ ಹುಟ್ಟು ಹೇಳುವ ಮುದುಕರೊಬ್ಬರು ಇದ್ದಾರೆ, ಆದರೆ ಯಾರನ್ನೂ ನಂಬುವುದಿಲ್ಲ ಎಂದಿದ್ದಳು. ಮಾತು ನಿಜವಿತ್ತು. ಮುದುಕರು ಕತ್ತಿಯನ್ನು ನೋಡಲಿಲ್ಲ. ಮೊದಲು ಅವಳ ಕೈ ನೋಡಿದರು.

"ಮೀನು ಮಾರೂದಾ?"

"ಒಣಮೀನು."

"ಕೂತ್ಕ ಬಾಯೇ. ಕತೆ ಗಿತೆ ಇದ್ರೆ ಚಪ್ಪಲಿ ಸಂಗಡ ಹೊರಗೆ ಬಿಡು. ಇಲ್ಲಿ ಬರೂ ಜನ ಎಲ್ಲಾ ಕತೇನೇ ತರ್ತರು."

"ನಾ ಚಪ್ಪಲಿ ಹಾಕೂದಿಲ್ಲ," ಎಂದಳು ದುರ್ಗಿ.

ಅವರು ಸೀರೆ ಬಿಚ್ಚಿದರು. ಅದರ ಸೆರಗು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

"ಬಿಡು. ನಾ ನುಂಗೂದಿಲ್ಲ."

"ನುಂಗೂದಿಲ್ಲ. ಬದ್ಲಾಯ್ಸೂಕೆ ಆಗ್ತದಲೆ."

ತುಳಸಿದಾಸರು ತಲೆ ಎತ್ತಿ ಅವಳನ್ನು ನೆಟ್ಟಗೆ ನೋಡಿದರು. ಆಮೇಲೆ ಸಣ್ಣ ಮರದ ಸುತ್ತಿಗೆಯಿಂದ ಹಿಡಿಯಲ್ಲಿದ್ದ ಬಿದಿರಿನ ಗೂಟವನ್ನು ತಟ್ಟಿ ಹೊರಗೆ ಹಾಕಿ, ಹಿಡಿಯನ್ನು ಎಳೆದರು. ಒಳಗಿದ್ದ ಕಬ್ಬಿಣದ ಬುಡ ಹೊಸ ತಂಬಿಗೆಯಂತೆ ಫಳಫಳ ಹೊಳೆಯಿತು. ಅವರ ಮುಖ ಗಟ್ಟಿಯಾಯಿತು.

"ಇದರ ಮೇಲಿದ್ದ ಕಮ್ಮಾರನ ಹೆಸರು ಯಾರು ತಿಕ್ಕಿ ತೆಗೆದ್ರು?"

"ಹೆಸರೇ ಇರ್ಲಿಲ್ಲ."

"ಹಳೆ ಕಬ್ಬಿಣ ಹಿಡಿಯೊಳಗೆ ಕಪ್ಪಿರ್ಬೇಕು. ತಿಕ್ಕಿದವ ಎಂಥದೋ ಅಡಗ್ಸೂಕೇ ತಿಕ್ಕಿದ್ದು. ತಗಂಡು ಹೋಗು."

ಅವರ ಸೊಸೆ ಜಯಂತಿ ತಂದಿಟ್ಟ ಚಹಾ ಮುಟ್ಟದೆ ದುರ್ಗಿ ಎದ್ದು ಹೋದಳು.

ಅವಳು ಆ ಕತ್ತಿಯ ಹುಟ್ಟು ಹುಡುಕಿ ಹೊರಟದ್ದು ಷೋಕಿಗಲ್ಲ. ಅವಳ ಮಾವ ಸೋಮ ಯುದ್ಧ ಮುಗಿದಾಗ ರಂಗೂನಿನಲ್ಲಿ ಸೈನ್ಯದ ಹಡಗಿನ ಖಲಾಸಿ. ಸೋತ ಜಪಾನಿಗಳು ಒಪ್ಪಿಸಿದ ಕತ್ತಿಗಳ ರಾಶಿಯಿಂದ ಸಾಹೇಬನೊಬ್ಬ ಒಂದನ್ನು ತೆಗೆದು ಅವನಿಗೆ ಕೊಟ್ಟಿದ್ದ. "ಹಿಡಿಯೊಳಗೆ ಜಪಾನಿ ಅಕ್ಷರ ಅದೆ" ಎಂದು ಸೋಮ ಸಾಯುವತನಕ ಹೇಳಿದ. ಅವನ ಮಗ, ಅಂದರೆ ದುರ್ಗಿಯ ಗಂಡ ರಾಮಾ, ವರ್ಷಕ್ಕೊಮ್ಮೆ ಹೊರಗಿನಿಂದ ಎಣ್ಣೆ ಹಚ್ಚಿ ಇಡುತ್ತಿದ್ದ. ರಾಮಾ ತೀರಿಹೋದ ಮರುವರ್ಷ ಹಿಡಿ ಬಿರುಕು ಬಿಟ್ಟು ಅಲುಗಾಡತೊಡಗಿತು. ಬಾಳೆಗುಳಿ ಕ್ರಾಸಿನಲ್ಲಿ ಮರಗೆಲಸ ಮಾಡುವ ಕುಪ್ಪನಿಗೆ ದುರ್ಗಿ ಅದನ್ನು ಕೊಟ್ಟಳು. ಕುಪ್ಪ ಬೇರೆ ಯಾರೂ ಅಲ್ಲ, ತಂಗಿ ಕಾಮಿಯ ಗಂಡ. ಅವನು ಹೊಸ ಹಿಡಿ ಮಾಡಿ, ಹಳೆಯದನ್ನೂ ಸುತಳಿಯಲ್ಲಿ ಕಟ್ಟಿ ಕೊಟ್ಟು, "ಅಕ್ಷರ ಗಿಕ್ಷರ ಎಂಥಾ ಇಲ್ಲ ಅಕ್ಕಾ," ಎಂದ.

ಹಾಗಾದರೆ ಕತ್ತಿಯೇ ಬೇರೆ ಎಂದು ದುರ್ಗಿಯ ಮನಸ್ಸಿಗೆ ಬಂತು. ಬಂದದ್ದು ಬಾಯಿಗೂ ಬಂತು. ನಾಲ್ಕು ಜನರ ಎದುರು ಕುಪ್ಪನನ್ನು ಕಳ್ಳ ಎಂದಳು. ಕಾಮಿ ಅತ್ತಿರಲಿಲ್ಲ. "ಕಳ್ಳನ ಮನೆ ನೀರು ಕುಡೂಕೆ ಇನ್ನು ಬರ್ಬೇಡ ಅಕ್ಕಾ," ಎಂದಷ್ಟೇ ಹೇಳಿದ್ದಳು. ಅದಾಗಿ ಏಳು ವರ್ಷ. ತಾನು ಅಂದದ್ದು ನಿಜವೋ ಸುಳ್ಳೋ ದುರ್ಗಿಗೆ ಗೊತ್ತಾಗಬೇಕಿತ್ತು.

ಎಂಟು ದಿನ ಬಿಟ್ಟು ಅವಳು ಮತ್ತೆ ಕೋಡಿಬಾಗಕ್ಕೆ ಬಂದಳು.

"ತಿಕ್ಕಿದ್ದು ನಾನೇ ದಾದಾ. ಮುರುಗಲ ಹುಳಿಸಿಪ್ಪೆ, ಬೂದಿ ಹಾಕಿ. ಖಂಡೇನವಮಿಗೆ."

ದಸರೆಯ ಖಂಡೇನವಮಿಗೆ ಮನೆಯ ಕಬ್ಬಿಣವೆಲ್ಲ, ಮೀನು ಕೊಯ್ಯುವ ಕತ್ತಿಯಿಂದ ದೋಣಿಯ ಲಂಗರಿನವರೆಗೆ, ಬೆಳಗಿ ದೇವರ ಮುಂದೆ ಕೂರಬೇಕು. ಹೊಸ ಹಿಡಿ ಸುಲಭಕ್ಕೆ ಬಿಚ್ಚಲು ಬರುತ್ತಿತ್ತು. ಹಾಗಾಗಿ ದುರ್ಗಿ ಏಳು ವರ್ಷವೂ ಬುಡದ ತುಕ್ಕು ತಿಕ್ಕಿದ್ದಳು. ದೇವರಿಗೆಂದು ಅರ್ಧ, ಅಕ್ಷರ ಎದ್ದೀತೆಂದು ಅರ್ಧ.

ತುಳಸಿದಾಸರು ಹಣೆ ಹಿಡಿದುಕೊಂಡರು. "ಆ ತುಕ್ಕೇ ಇದರ ಜಾತಕ ಬಾಯೇ. ನೀ ಜಾತಕ ತೊಳೆದು ತಂದೀಯೆ."

ಅಂದು ದುರ್ಗಿ ಮಾವನ ಕತ್ತಿಯಿಂದ ಕುಪ್ಪನವರೆಗೆ, ಕಾಮಿ ಅಂದ ಮಾತಿನವರೆಗೆ ಎಲ್ಲ ಹೇಳಿದಳು. ಅವರು ತಮ್ಮ ವಿಷಯವನ್ನೂ ಹೇಳಿದರು. ಹತ್ತೊಂಬತ್ತಕ್ಕೆ ಹಡಗು ಹತ್ತಿ, ಮೂವತ್ತೊಂದು ವರ್ಷ ಯಂತ್ರದ ಕೋಣೆಯಲ್ಲಿ ಎಣ್ಣೆ ಹಾಕಿದವರು. ಒಮ್ಮೆ ಜಪಾನಿನ ಕೋಬೆಯಲ್ಲಿ ಹಡಗು ದುರಸ್ತಿಗೆ ಐದು ತಿಂಗಳು ನಿಂತಿತು. ವಸತಿಯ ಪಕ್ಕದಲ್ಲಿ ಕತ್ತಿ ಮಸೆಯುವ ಮುದುಕನೊಬ್ಬ. ಇವರಿಗೆ ಅವನ ಮಾತು ಬಾರದು, ಅವನಿಗೆ ಇವರದು ಬಾರದು. ದಿನಾ ಹೋಗಿ ಕೂತರು. ಎರಡು ಕತ್ತಿ ಮುಂದಿಟ್ಟು ಯಾವುದು ಹಳೆಯದೆಂದು ಅವನು ಕೈಸನ್ನೆಯಲ್ಲಿ ಕೇಳುವನು, ತಪ್ಪಿದರೆ ನಗುವನು. ಊರಿಗೆ ಬಂದ ಮೇಲೆ ಆ ಕಣ್ಣು ದೇವಸ್ಥಾನದ ಗಂಟೆ, ದೀಪಗಳ ಅಸಲಿ ನಕಲಿ ಹೇಳುವುದಕ್ಕೂ ಪಳಗಿತು. ಅಷ್ಟು ಮೋಸ ನೋಡಿದ ಕಣ್ಣಿಗೆ ಸೊಸೆ ತಂದ ಬಂಗಡೆ ಮೀನು ತಾಜಾವೇ ಎಂದು ಕಿವಿರನ್ನೂ ಎತ್ತಿ ನೋಡದೆ ಸಮಾಧಾನವಿರಲಿಲ್ಲ.

ಬೆಳಕಿಗೆ ಬೆನ್ನು ಕೊಟ್ಟು ಅವರು ಅಲಗನ್ನು ಓರೆ ಮಾಡಿದರು. ಇಳಿತದಲ್ಲಿ ಮರಳ ಮೇಲೆ ಉಳಿಯುವ ನೊರೆಯ ಅಂಚಿನಂಥ ಬಿಳಿ ಗೆರೆ ಹರಿತ ಬಾಯಿಯುದ್ದಕ್ಕೂ ಕಂಡಿತು. ಅದರ ಮೇಲೆ ಹಲಗೆಯಲ್ಲಿ ಕಾಣುವಂಥ ಸಣ್ಣ ಸಣ್ಣ ನಾರು.

"ಯುದ್ಧದ ಕಾರ್ಖಾನೇದು ಅಲ್ಲ ಇದು. ಕೈಯಿಂದ ಮಡಚಿ ಮಡಚಿ ಬಡಿದದ್ದು. ಜಪಾನಿನಾಗೆ ಬಿಝೆನ್ ಹೇಳೂ ಸೀಮೇದು ಇರ್ಬೇಕು. ಇರ್ಬೇಕು ಅಂದೆ, ಹೌದು ಅನ್ಲಿಲ್ಲ."

ಆಮೇಲೆ ಬುಡದ ತೂತುಗಳಿಗೆ ಭೂತಗನ್ನಡಿ ಹಿಡಿದರು. ಎರಡು ಪೂರ್ತಿ ತೂತು, ತೀರ ತುದಿಯಲ್ಲಿ ಅರ್ಧ ತೂತು.

"ತೂತಿನೊಳಗೆ ನಿನ್ನ ಬೆರಳು ಹೋಗ್ಲಿಲ್ಲ, ಪುಣ್ಯ. ನೋಡು, ಮೇಲಿನದ್ರಾಗೆ ಕಂದು, ಕೆಳಗಿನದ್ರಾಗೆ ಕಾಡಿಗೆ ಕಪ್ಪು. ಕಪ್ಪು ಹಳೇ ತೂತು, ಕಂದು ಆಮೇಲೆ ಕೊರೆದದ್ದು, ತುದೀದು ಬುಡ ಕೊಯ್ದಾಗ ಅರ್ಧ ಆದದ್ದು. ಇದು ಮೊದ್ಲು ಉದ್ದ ಇತ್ತು. ಯಾರೋ ತನಗೆ ಬೇಕಾದಷ್ಟು ಗಿಡ್ಡ ಮಾಡ್ಕಂಡ. ಗಿಡ್ಡ ಮಾಡೂದು ಬುಡದಿಂದ. ಹೆಸರು ಬರೆಯೂದೂ ಬುಡದಾಗೇ. ಇದ್ದಿದ್ರೆ ತುಂಡಿನ ಸಂಗಡ ಹೋಯ್ತು."

"ಯಾವಾಗ?"

"ಕುಪ್ಪನ ಅಜ್ಜನ ಅಜ್ಜ ಹುಟ್ಟೂಕೆ ಮೊದ್ಲು. ನಿನ್ನ ಮಾವ ಹಿಡಿ ಬಿಚ್ಚಿ ನೋಡಿದ್ನಾ?"

"ಇಲ್ಲ."

"ರಾಶಿಯಾಗೆ ಬೇರೆದ್ರ ಮೇಲೆ ಕಂಡಿರ್ಬೇಕು. ಇದ್ರಾಗೂ ಇರ್ಬೇಕು ಅಂದ."

ದುರ್ಗಿಗೆ ಸಾಲಲಿಲ್ಲ. "ಹಳೇದು ಅಂತಾಯ್ತು. ನಮ್ಮದೇ ಅನ್ನೂದು ಹೆಂಗೆ?"

"ಬಾಳೆಗುಳಿ ಕ್ರಾಸಿನಾಗೆ ಜಪಾನಿ ಕತ್ತಿ ರಾಶಿ ಬಿದ್ದದ್ಯಾ?" ಎಂದು ಹಂಗಿಸಿದರೂ ಆ ಅನುಮಾನ ಅವರಿಗೂ ತಾಗಿತು. "ಹಳೆ ಹಿಡಿ ಎಲ್ಲಿ?"

ಅದು ದುರ್ಗಿಯ ಮನೆಯಲ್ಲಿ ಬಿಸ್ಕೀಟಿನ ಡಬ್ಬಿಯೊಳಗಿತ್ತು. ಮುಂದಿನ ಸಂತೆಯ ದಿನ ತಂದಳು. ಸುತ್ತಿದ್ದ ದಾರ ಕೊಳೆತು, ಅಡಿಯಲ್ಲಿ ಹರಳು ಹರಳು ತೊಗಲು.

"ತೊರಕೆ ಮೀನಿನ ತೊಗಲು," ಎಂದಳು ಅವಳು, ಅವರಿಗಿಂತ ಮೊದಲು.

"ಅದು ತಿಳಿಯೂಕೆ ನಂಗೆ ಕೋಬೆನಾಗೆ ಒಂದು ತಿಂಗಳು ಹಿಡೀತು," ಎಂದರು ತುಳಸಿದಾಸರು.

ಹಿಡಿಯ ಎರಡು ಹೋಳುಗಳನ್ನು ಅವರು ಬಿಡಿಸಿದರು. ಒಳಗಿನ ಮರದ ಮೇಲೆ ಕಬ್ಬಿಣದ ತುಕ್ಕು ಕೂತು ಬುಡದ ಪೂರ್ತಿ ಆಕಾರ ಅಚ್ಚೊತ್ತಿತ್ತು. ಅದರ ಮೇಲೆ ಕತ್ತಿಯ ಬುಡ ಇಟ್ಟರು. ತೂತಿನ ಗುರುತಿಗೆ ತೂತು, ಓರೆಯಾದ ತುದಿಗೆ ತುದಿ, ಅರ್ಧ ಚಂದ್ರಕ್ಕೆ ಅರ್ಧ ಚಂದ್ರ ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಕ್ಷರದ ಗುರುತು ಎಲ್ಲೂ ಇರಲಿಲ್ಲ. ದುರ್ಗಿ ತಾನೇ ತೆಗೆದು, ತಿರುಗಿಸಿ, ಮೂರು ಸಲ ಇಟ್ಟು ನೋಡಿದಳು. ಕುಪ್ಪನ ಮೇಲಿನ ಸಾಕ್ಷಿ ಎಂದು ಏಳು ವರ್ಷ ಜೋಪಾನ ಮಾಡಿದ್ದು ಇದನ್ನೇ.

ಆ ದಿನ ಜಯಂತಿ ಕೊಟ್ಟ ಚಹಾ ಕುಡಿದಳು.

ಮುಂದೆ ಕಾರವಾರಕ್ಕೆ ಬಂದಾಗಲೆಲ್ಲ ಕೋಡಿಬಾಗಕ್ಕೂ ಹೋಗುವಳು. "ಬಾಳೆಗುಳಿಗೆ ಹೋದ್ಯಾ?" ಎಂದು ಅವರು ಕೇಳುವುದು ತಪ್ಪಲಿಲ್ಲ. ಒಮ್ಮೆ ಮೀನು ಒಣಗಿಸುವ ಕಾಲ, ಒಮ್ಮೆ ಪೂರ್ಣಿಮಾಳ ಮದುವೆ, ಒಮ್ಮೆ ಮಂಡಿನೋವು. ಅವರು ಹೂಂ ಎನ್ನುತ್ತಿದ್ದರು. ಕಿವಿರು ಎತ್ತಿ ನೋಡುವಾಗಲೂ ಅದೇ ಹೂಂ.

ಕೊನೆಯ ಸಲ ಅವಳು ಹೋದದ್ದು ೨೦೦೭ರ ಮಾರ್ಚಿನಲ್ಲಿ, ಒಣ ಸಿಗಡಿ ತೆಗೆದುಕೊಂಡು. ತುಳಸಿದಾಸರು ಮಂಚ ಬಿಟ್ಟು ಏಳದೆ ತಿಂಗಳಾಗಿತ್ತು. ಹಿಂದಿನ ದಿನವಷ್ಟೇ ದುರ್ಗಿ ಹಳೆ ಹಿಡಿಯ ಡಬ್ಬಿ ಹಿಡಿದು ಬಾಳೆಗುಳಿಯಲ್ಲಿ ಇಳಿದಿದ್ದಳು. ರಸ್ತೆಯ ಈಚೆ ನಿಂತು, ಕುಪ್ಪ ಹಲಗೆಗೆ ಕೀಸುಳಿ ಹೊಡೆಯುವುದನ್ನು, ಕಾಮಿ ಬಟ್ಟೆ ಒಣಹಾಕುವುದನ್ನು ನೋಡಿದಳು. ಕಾಮಿಯ ತಲೆ ನರೆತಿತ್ತು. ಅಂಕೋಲೆಯ ಬಸ್ಸು ಬಂದಿತು. ಹತ್ತಿಬಿಟ್ಟಳು.

"ಬಾಳೆಗುಳಿಗೆ ಹೋಗಿ ಬಂದೆ ದಾದಾ," ಎಂದಳು. ಸುಳ್ಳೇನೂ ಆಗಿರಲಿಲ್ಲ.

ಮುದುಕರ ಕಣ್ಣು ಮುಚ್ಚಿತ್ತು. ಅವರು ಕಣ್ಣು ತೆರೆದು, ಮೊದಲ ದಿನದಂತೆ ಅವಳ ಕೈ ನೋಡಿ ಕೇಳಿದರು:

"ಕಾಮಿ ಕುಡೂಕೆ ಎಂಥಾ ಕೊಟ್ಲು?"