ನೀರು ಹೊರುವವನೂ ಮೇಳದವನೇ

ನನ್ನ ಮಗ ಒಮಾನ್ ದೇಶದ ಕ್ರಿಕೆಟ್ ತಂಡದಲ್ಲಿ ಎರಡನೇ ವಿಕೆಟ್ ಕೀಪರ್. ಎರಡನೇ ಕೀಪರ್ ಎಂದರೆ ಮೊದಲನೆಯವನ ಬೆರಳು ಮುರಿದರೆ ಆಡುವವನು. ಉಳಿದ ದಿನ ತಂಡದ ಅಂಗಿ ಹಾಕಿಕೊಂಡು ಹೊರಗೆ ಕೂರುತ್ತಾನೆ, ನಡುವೆ ಆಡುವವರಿಗೆ ನೀರಿನ ಬಾಟಲಿ ಹೊತ್ತುಕೊಂಡು ಓಡುತ್ತಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮುಚ್ಚಿಟ್ಟಿದ್ದೇನೆ ಎಂದು ಕೆಲವರು ತಿಳಿದುಕೊಂಡಿದ್ದಾರೆ.

ಹೊಟ್ಟೆಪಾಡು ಬೇರೆ. ಇಲ್ಲಿ ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಒಂದು ಟೈಲ್ಸ್ ಕಂಪೆನಿಯ ಗೋಡೌನ್ ನೋಡಿಕೊಳ್ಳುತ್ತಾನೆ. ಕೆಲಸ ಮುಗಿಸಿ ಅಮೇರಾತ್‌ನ ಮೈದಾನಕ್ಕೆ ಹೋಗುತ್ತಾನೆ. ಮನೆಗೆ ಬಂದಾಗ ಅಂಗಿಯಲ್ಲಿ ಟೈಲ್ಸಿನ ಧೂಳು, ಪ್ಯಾಂಟಿನ ಮೊಣಕಾಲಲ್ಲಿ ಹುಲ್ಲಿನ ಕಲೆ. ಧೂಳು ಹೋಗುತ್ತದೆ, ಹುಲ್ಲಿನ ಕಲೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಒಗೆಯುವವಳು ನಾನು. ಬೈದುಕೊಂಡೇ ಒಗೆಯುತ್ತೇನೆ.

ಒಮ್ಮೆ ಇವರ ತಂಡ ದೊಡ್ಡ ಟೂರ್ನಮೆಂಟಿಗೆ ಹೋಯಿತು. ಟಿವಿಯಲ್ಲಿ ತೋರಿಸಿದರು, ಊರಲ್ಲೂ ನೋಡಿದರು. ಮಗ ಕಂಡದ್ದೆಲ್ಲ ಬಾಟಲಿ ಹಿಡಿದುಕೊಂಡೇ. ಉಡುಪಿಯಿಂದ ನಾದಿನಿಯ ಫೋನು ಬಂತು. ಅವಳ ಗಂಡನದು ಹೋಟೆಲು.

"ಅತ್ತಿಗೆ, ನಿಮ್ಮ ಮಗನನ್ನು ನೋಡಿದೆವು ಮಾರಾಯ್ರೆ. ನೀರು ಸಪ್ಲೈ ಮಾಡ್ತಿದ್ದ. ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮ ಹೋಟೆಲಲ್ಲೇ ಕೆಲಸ ಇತ್ತಲ್ಲ!"

"ಇತ್ತು ಮಾರಾಯ್ತಿ. ಆದರೆ ನಿಮ್ಮ ಹೋಟೆಲಿಗೆ ಟಿವಿಯವರು ಬರುದಿಲ್ಲಲ್ಲ" ಎಂದೆ. ಫೋನು ಇಟ್ಟಳು.

ಅವನು ಮರಳಿ ಬಂದ ಮೇಲೆ ಕಂಪೆನಿಯವರು ಸಲಾಲಾದ ಹೊಸ ಶೋರೂಮಿಗೆ ಮ್ಯಾನೇಜರಾಗಿ ಹೋಗು ಎಂದರು. ಸಲಾಲಾದಿಂದ ಅಮೇರಾತ್‌ಗೆ ರಸ್ತೆಯಲ್ಲಿ ಒಂದು ಹಗಲು ಪೂರ್ತಿ ಬೇಕು. ಹೋದರೆ ಪ್ರಾಕ್ಟೀಸ್ ಇಲ್ಲ, ತಂಡವೂ ಇಲ್ಲ. ಮಗ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸುದ್ದಿ ಕೇಳಿ ಇಲ್ಲೇ ಮತ್ರಾ ಪೇಟೆಯಿಂದ ನನ್ನ ಅಣ್ಣ ಬಂದ. ಅವನಿಗೆ ಅಲ್ಲಿ ಬಟ್ಟೆ ಅಂಗಡಿ. ಮಗನಿಗೆ ಈ ಕೆಲಸ ಕೊಡಿಸಿದ್ದೂ ಅವನೇ. ನಮ್ಮಲ್ಲಿ ಸೋದರಮಾವ ಮಾತಾಡಿದರೆ ಅಳಿಯ ಎದುರಾಡುವ ಕ್ರಮವಿಲ್ಲ.

"ಸಲಾಲಾಕ್ಕೆ ಹೋಗು. ಈ ಆಟ ಇವತ್ತಿಗೆ ಖಲಾಸ್" ಎಂದ.

"ಮಾಮ, ಇನ್ನೆರಡು ವರ್ಷ..."

"ಎಂತಕ್ಕೆ? ಇನ್ನೂ ನೀರು ಹೊರ್ಲಿಕ್ಕಾ?"

ಮಗ ತಲೆ ತಗ್ಗಿಸಿದ. ಕಂಪೆನಿಯಲ್ಲಿ, ಮೈದಾನದಲ್ಲಿ ದುಡಿದು ದುಡಿದು ಬರುವವನು ತಲೆ ತಗ್ಗಿಸಿ ಕೂತದ್ದು ಕಂಡು ನನಗೆ ಮೈ ಉರಿಯಿತು. ಕ್ರಿಕೆಟ್ಟು ನನಗೆ ಇವತ್ತಿಗೂ ತಿಳಿಯುವುದಿಲ್ಲ. ನಮಗೆ ಆಟ ಎಂದರೆ ಯಕ್ಷಗಾನ. ಅಣ್ಣನಿಗಂತೂ ಅದರ ಹುಚ್ಚು. ಊರಿನ ಮೇಳ ಮಸ್ಕತ್ತಿಗೆ ಬಂದರೆ ಅಂಗಡಿ ಮುಚ್ಚಿ ಎದುರಿನ ಕುರ್ಚಿ ಹಿಡಿಯುವವನು.

"ಅಣ್ಣ, ಬಣ್ಣದ ವೇಷ ರಂಗಕ್ಕೆ ಬರುವಾಗ ತೆರೆ ಹಿಡಿದುಕೊಂಡು ಇಬ್ಬರು ನಿಲ್ತಾರಲ್ಲ, ಅವರು ಯಾರು?" ಎಂದು ಕೇಳಿದೆ.

"ಯಾರು ಅಂದ್ರೆ? ಮೇಳದವರು."

"ಅವರಿಗೆ ವೇಷ ಉಂಟಾ?"

"ಇಲ್ಲ."

"ಕುಣಿತ?"

"ಇಲ್ಲ ಮಾರಾಯ್ತಿ."

"ಮತ್ತೆ ಮೇಳದವರು ಹೇಗೆ ಆದ್ರು?"

"ತೆರೆ ಇಲ್ಲದೆ ಬಣ್ಣದ ವೇಷದ ರಾಕ್ಷಸ ರಂಗಕ್ಕೆ ಬರುದು ಹೇಗೆ? ನಿನಗೆ ಅಷ್ಟೂ..." ಎಂದವನು ಅರ್ಧಕ್ಕೆ ನಿಲ್ಲಿಸಿದ.

"ಹಾಂ. ಅದನ್ನೇ ನಿನ್ನ ಅಳಿಯನಿಗೂ ಹೇಳು."

ಅಣ್ಣನ ಮುಖ ಕೆಂಪಾಯಿತು. "ನಿನ್ನ ಬಾಯಿ ಭಾರಿ ಜೋರಾಗಿದೆ. ನಾಳೆ ಇದ್ದ ಕೆಲಸವೂ ಹೋದ್ರೆ ನನ್ನ ಹತ್ರ ಬರ್ಬೇಡಿ."

"ಬರುದಿಲ್ಲ" ಎಂದೆ.

ಚಹಾ ಕುಡಿಯದೆ ಎದ್ದುಹೋದ. ಮಗ, "ಅಮ್ಮ, ಮಾಮನಿಗೆ ಹಾಗೆ ಹೇಳ್ಬಾರದಿತ್ತು" ಎಂದ.

"ನೀನು ಹೇಳ್ಬೇಕಾದ್ದು ನಾನು ಹೇಳಿದ್ದು. ಹೋಗುದಾದ್ರೆ ನಿನ್ನ ಮನಸ್ಸಿನಿಂದ ಹೋಗು, ಮಾಮ ನಗಾಡಿದ ಅಂತ ಹೋಗ್ಬೇಡ. ಕಂಪೆನಿಯವರ ಹತ್ರ ಮಾತ್ರ ನೀನೇ ಮಾತಾಡು. ಅಲ್ಲಿಗೆ ನಾನು ಬರುದಿಲ್ಲ."

ಮರುದಿನ ಅವನೇ ಹೋಗಿ ಬೇಡ ಎಂದ. ಸಲಾಲಾಕ್ಕೆ ಬೇರೆಯವನು ಹೋದ. ಆಮೇಲೆ ಇಲ್ಲಿಯ ಗೋಡೌನಿಗೂ ಹೊಸ ಮ್ಯಾನೇಜರ್ ಬಂದ, ವಯಸ್ಸಿನಲ್ಲಿ ಇವನಿಗಿಂತ ಚಿಕ್ಕವನು. ಅವನನ್ನು ಇವನು ಸರ್ ಎಂದು ಕರೆಯಬೇಕು. ಕರೆಯುತ್ತಾನೆ. ತಂಡದಲ್ಲಿ ಈಗಲೂ ಎರಡನೇ ಕೀಪರೇ.

ಅಣ್ಣ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಕೃಷ್ಣಾಷ್ಟಮಿಗೆ ನಾನೇ ಉಂಡೆ ಕಟ್ಟಿಕೊಂಡು ಮತ್ರಾದ ಅವನ ಮನೆಗೆ ಹೋದೆ. ಅವನು ಒಳಕೋಣೆಯಲ್ಲಿ ಇದ್ದ, ಹೊರಗೆ ಬರಲಿಲ್ಲ. ಅತ್ತಿಗೆ ಮೆಲ್ಲಗೆ, "ಮಗ ಬರಲಿಲ್ಲವಾ?" ಎಂದು ಕೇಳಿದರು.

"ಪ್ರಾಕ್ಟೀಸಿಗೆ ಹೋಗಿದ್ದಾನೆ" ಎಂದೆ, ಒಳಕೋಣೆಗೂ ಕೇಳುವ ಹಾಗೆ.